ಕ್ರೇಟಿನ ತಳದಲ್ಲಿ ಉಳಿದ ಚೀಟಿ: ಕರ್ನಲ್ ಮೆಮೊರಿ ಸೋರಿಕೆಯ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ಮುಳಬಾಗಿಲಿನಲ್ಲಿ ಸಣ್ಣ ಸೈಬರ್ ಸೆಂಟರ್ ನಡೆಸುತ್ತೇನೆ. ಐದು ಕಂಪ್ಯೂಟರ್ ಇವೆ. ನಾಲ್ಕರಲ್ಲಿ ಉಬುಂಟು, ಒಂದರಲ್ಲಿ ವಿಂಡೋಸ್ 10. ಪಹಣಿ, ಆಧಾರ್, ರೇಷನ್ ಕಾರ್ಡ್, ಪರೀಕ್ಷೆ ಅರ್ಜಿ ಎಲ್ಲಾ ಇಲ್ಲೇ. ಮೂರು ಕಂಪ್ಯೂಟರ್‌ಗಳಲ್ಲಿ ಗ್ರಾಹಕರೇ ಕೂತು ಕೆಲಸ ಮಾಡಿಕೊಳ್ಳುತ್ತಾರೆ. ಮೊನ್ನೆ ಅಪ್‌ಡೇಟ್ ವಿವರ ತೆರೆದು ನೋಡಿದೆ. ‘ಕರ್ನಲ್ ಮೆಮೊರಿ ಡಿಸ್‌ಕ್ಲೋಷರ್’ ಎಂದಿತ್ತು, ಪಕ್ಕದಲ್ಲಿ ‘ಮೀಡಿಯಂ’ ಎಂದಿತ್ತು. ಹಾಗಂದ್ರೆ ಏನು? ನನ್ನ ಗ್ರಾಹಕರ ಆಧಾರ್ ನಂಬರ್ ಸೋರಿ ಹೋಗುತ್ತಾ? ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ‘ಅದು ಓದೋಕೆ ಮಾತ್ರ ಆಗೋ ತೊಂದರೆ, ಏನನ್ನೂ ಬದಲಾಯಿಸೋಕೆ ಆಗಲ್ಲ, ತಲೆ ಕೆಡಿಸ್ಕೋಬೇಡಿ’ ಅಂತಾನೆ. ರೀಸ್ಟಾರ್ಟ್ ಮಾಡಿದರೆ ಕ್ಯೂನಲ್ಲಿ ನಿಂತವರು ಬೈತಾರೆ, ಹಾಗಾಗಿ ವಾರಗಟ್ಟಲೆ ಮಾಡಿಲ್ಲ.

ಉತ್ತರ: ನಿಮ್ಮ ಅಣ್ಣನ ಮಗ ಹೇಳಿದ್ದು ಅರ್ಧ ಸರಿ. ಈ ದೋಷದಿಂದ ಯಾರೂ ನಿಮ್ಮ ಕಂಪ್ಯೂಟರ್‌ನಲ್ಲಿ ಏನನ್ನೂ ಬದಲಾಯಿಸಲಾರರು, ಓದಬಹುದು ಅಷ್ಟೆ. ಆದರೆ ಏನನ್ನು ಓದುತ್ತಾರೆ, ಓದಿದ್ದನ್ನು ಇಟ್ಟುಕೊಂಡು ಮುಂದೆ ಏನು ಮಾಡುತ್ತಾರೆ ಎಂಬುದು ಇನ್ನರ್ಧ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಾನು ಹನ್ನೆರಡು ವರ್ಷ ಡ್ರೈವರ್ ಕೋಡ್, ಅಂದರೆ ಕಂಪ್ಯೂಟರ್‌ಗೆ ಜೋಡಿಸಿದ ಸಾಧನಗಳನ್ನು ನಡೆಸುವ ಕೋಡ್ ಬರೆದವನು. ಇಂಥದೇ ಒಂದು ತಪ್ಪನ್ನು ನನ್ನ ಕೈಯಾರೆ ಮಾಡಿದ್ದೇನೆ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಕಂಪ್ಯೂಟರ್‌ನವರು ‘ಮೆಮೊರಿ ಲೀಕ್’ ಅಂತ ಇನ್ನೊಂದು ತೊಂದರೆಗೂ ಹೇಳುತ್ತಾರೆ. ಪ್ರೋಗ್ರಾಂ ತಗೊಂಡ ಮೆಮೊರಿಯನ್ನು ವಾಪಸ್ ಕೊಡದೆ ಹಿಡಿದುಕೊಂಡು ಕೂತರೆ ಅದು ಮೆಮೊರಿ ಲೀಕ್. ಅದರಿಂದ ಕಂಪ್ಯೂಟರ್ ನಿಧಾನವಾಗುತ್ತದೆ, ಕೊನೆಗೆ ನಿಂತೇ ಹೋಗಬಹುದು. ನೀವು ಕೇಳಿರುವುದು ಬೇರೆ. ಇಲ್ಲಿ ಸೋರುವುದು ಮೆಮೊರಿಯ ಒಳಗಿದ್ದ ಮಾಹಿತಿ. ಕಂಪ್ಯೂಟರ್ ನಿಧಾನವಾಗುವುದಿಲ್ಲ, ಯಾವ ಸಂದೇಶವೂ ಬರುವುದಿಲ್ಲ. ಎಲ್ಲಾ ಎಂದಿನಂತೆಯೇ ನಡೆಯುತ್ತಿರುತ್ತದೆ.

ಕರ್ನಲ್ ಅಂದ್ರೆ ಆಪರೇಟಿಂಗ್ ಸಿಸ್ಟಮ್‌ನ ನಡುಮನೆ. ಬ್ರೌಸರ್, ಪ್ರಿಂಟರ್, ಪಿಡಿಎಫ್ ತೋರಿಸುವ ಪ್ರೋಗ್ರಾಂ ಎಲ್ಲವೂ ತಮ್ಮ ತಮ್ಮ ಕೋಣೆಯಲ್ಲಿ ಕೂತು ಕರ್ನಲ್‌ಗೆ ಮನವಿ ಸಲ್ಲಿಸುತ್ತವೆ. ಈ ಫೈಲ್ ತೆರೆ, ಈ ಪ್ಯಾಕೆಟ್ ಕಳಿಸು, ಸಮಯ ಎಷ್ಟು ಹೇಳು. ಒಂದು ಪ್ರೋಗ್ರಾಂ ಇನ್ನೊಂದರ ಕೋಣೆಗೆ ಇಣುಕುವಂತಿಲ್ಲ. ಕರ್ನಲ್‌ನ ಕೋಣೆಗಂತೂ ಯಾರೂ ಇಣುಕುವಂತಿಲ್ಲ. ಇದನ್ನು ಕಾಯುವುದು ಪ್ರೊಸೆಸರ್. ಆದರೆ ಕರ್ನಲ್ ಎಲ್ಲರ ಕೆಲಸ ಮಾಡಿಕೊಡುತ್ತದಲ್ವಾ? ಹಾಗಾಗಿ ಎಲ್ಲರ ಲೆಕ್ಕವೂ ಅದರ ಮೇಜಿನ ಮೇಲೆ ಹರಡಿಕೊಂಡಿರುತ್ತದೆ.

ಈಗ ಕೋಲಾರದ ಎಪಿಎಂಸಿಗೆ ಬನ್ನಿ. ಟೊಮೆಟೊ ಇಲ್ಲಿ 15 ಕೆಜಿ ಕ್ರೇಟಿನ ಲೆಕ್ಕದಲ್ಲಿ ಹರಾಜಾಗುತ್ತದೆ, ನಿಮಗೆ ಗೊತ್ತೇ ಇದೆ. ಮಾಲು ಹೋದ ಮೇಲೆ ಖಾಲಿ ಕ್ರೇಟು ಇನ್ನೊಬ್ಬ ರೈತರ ಗಾಡಿ ಹತ್ತುತ್ತದೆ. ಸೀಸನ್‌ನಲ್ಲಿ ಪ್ರತಿ ಕ್ರೇಟನ್ನೂ ತೊಳೆದು ಕೊಡಲು ಪುರುಸೊತ್ತು ಎಲ್ಲಿದೆ? ಒಮ್ಮೆ ನಮ್ಮ ಚಿಕ್ಕಪ್ಪನ ತೋಟಕ್ಕೆ ಬಂದ ಕ್ರೇಟಿನ ತಳದಲ್ಲಿ ಒಂದು ಚೀಟಿ ಅಂಟಿಕೊಂಡಿತ್ತು. ಹಿಂದಿನ ರೈತರ ಹೆಸರು, ಲಾಟ್ ನಂಬರ್, ಎಷ್ಟು ಕ್ರೇಟು, ಕೂಗಿದ ದರ. ಯಾರೂ ಕದ್ದಿರಲಿಲ್ಲ. ಯಾರೂ ಬೀಗ ಒಡೆದಿರಲಿಲ್ಲ. ಖಾಲಿ ಕ್ರೇಟು ಕೊಟ್ಟೆವು ಅಂತ ಮಂಡಿಯವರು ಅಂದುಕೊಂಡಿದ್ದರು, ಅಷ್ಟೆ.

ಮೆಮೊರಿಯೂ ಹೀಗೇ. ಕೆಲಸ ಮುಗಿದ ಮೇಲೆ ಆ ಜಾಗವನ್ನು ‘ಖಾಲಿ’ ಅಂತ ಗುರುತು ಹಾಕಲಾಗುತ್ತದೆ. ಅಲ್ಲಿ ಬರೆದದ್ದನ್ನು ಅಳಿಸುವುದಿಲ್ಲ. ಅಳಿಸಲು ಸಮಯ ಬೇಕು, ಅದನ್ನು ಉಳಿಸುವುದು ಹಳೆಯ ಅಭ್ಯಾಸ. ಒಂದು ಮುಖ್ಯ ಜಾಗದಲ್ಲಿ ಮಾತ್ರ ಕರ್ನಲ್ ಬಹಳ ಕಟ್ಟುನಿಟ್ಟು. ಪ್ರೋಗ್ರಾಂಗೆ ಹೊಸದಾಗಿ ಮೆಮೊರಿ ಪುಟ ಕೊಡುವಾಗ 4096 ಬೈಟ್‌ನ ಆ ಇಡೀ ಪುಟಕ್ಕೆ ಸೊನ್ನೆ ತುಂಬಿಯೇ ಕೊಡುತ್ತದೆ. ಇಲ್ಲದಿದ್ದರೆ ನಿಮ್ಮ ಸೆಂಟರ್‌ನಲ್ಲಿ ಮೊದಲ ಗ್ರಾಹಕರು ನೋಡಿದ ಪಹಣಿ ಎರಡನೆಯವರ ಪ್ರೋಗ್ರಾಂಗೆ ಸಿಕ್ಕಿಬಿಡುತ್ತಿತ್ತು. ಈ ದೊಡ್ಡ ಬಾಗಿಲು ಗಟ್ಟಿಯಾಗಿದೆ. ಸೋರುವುದು ಸಣ್ಣ ಕಿಟಕಿಗಳಲ್ಲಿ. ಪ್ರೋಗ್ರಾಂ ಕೇಳಿದ ಪ್ರಶ್ನೆಗೆ ಕರ್ನಲ್ ಉತ್ತರ ಬರೆದು ಕೊಡುತ್ತದಲ್ಲ, ಆ ಚಿಕ್ಕ ಚಿಕ್ಕ ಉತ್ತರಗಳಲ್ಲಿ.

ನನ್ನ ತಪ್ಪನ್ನೇ ತೋರಿಸುತ್ತೇನೆ. 2019ರಲ್ಲಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೆ. ಕಾರ್ಖಾನೆ ಯಂತ್ರಗಳಿಂದ ಅಳತೆ ಓದುವ ಒಂದು ಪೆಟ್ಟಿಗೆಗೆ ಲಿನಕ್ಸ್ ಡ್ರೈವರ್ ಬರೆದಿದ್ದೆ. ನಿಮ್ಮ ಉಬುಂಟುವಿನ ಒಳಗಿರುವ ಕರ್ನಲ್ ಕೂಡ ಲಿನಕ್ಸೇ. ಡ್ರೈವರ್ ಕರ್ನಲ್‌ನ ಒಳಗೇ ಓಡುವ ಕೋಡ್. ಪೆಟ್ಟಿಗೆಯ ಸ್ಥಿತಿ ಏನು ಅಂತ ಪ್ರೋಗ್ರಾಂ ಕೇಳಿದರೆ ನನ್ನ ಡ್ರೈವರ್ ಎರಡು ವಿಷಯ ಹೇಳಬೇಕಿತ್ತು. ಒಂದು, ಯಂತ್ರ ಓಡುತ್ತಿದೆಯೇ ಇಲ್ಲವೇ. ಅದಕ್ಕೆ 1 ಬೈಟ್ ಸಾಕು. ಎರಡು, ಇಲ್ಲಿಯವರೆಗೆ ಎಷ್ಟು ಅಳತೆ ತೆಗೆದಿದೆ. ಅದಕ್ಕೆ 4 ಬೈಟ್. ಕೂಡಿದರೆ 5.

ಆದರೆ ಸಿ ಭಾಷೆಯ ಕಂಪೈಲರ್, ಅಂದರೆ ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ಬದಲಾಯಿಸುವ ಪ್ರೋಗ್ರಾಂ, ಇದಕ್ಕೆ 8 ಬೈಟ್ ಜಾಗ ಮಾಡುತ್ತದೆ. 4 ಬೈಟ್‌ನ ಸಂಖ್ಯೆ 4ರಿಂದ ಭಾಗವಾಗುವ ವಿಳಾಸದಲ್ಲೇ ಕೂರಬೇಕು ಎಂಬುದು ಅದರ ನಿಯಮ. ಹಾಗಾಗಿ ಮೊದಲ ಬೈಟ್ ಆದ ಮೇಲೆ 3 ಬೈಟ್ ಸುಮ್ನೆ ಬಿಟ್ಟು, ಆಮೇಲೆ ಎರಡನೆಯದನ್ನು ಕೂರಿಸುತ್ತದೆ. ಈ ಮೂರಕ್ಕೆ ಪ್ಯಾಡಿಂಗ್ ಎನ್ನುತ್ತಾರೆ. ಕೋಡ್ ಓದಿದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ, ಅದಕ್ಕೆ ಹೆಸರೂ ಇಲ್ಲ. ನಾನು ಎರಡು ಖಾನೆಗಳನ್ನೂ ಸರಿಯಾಗಿ ತುಂಬಿದೆ. ಆಮೇಲೆ ಇಡೀ 8 ಬೈಟ್‌ಗಳನ್ನು ಪ್ರೋಗ್ರಾಂಗೆ ನಕಲು ಮಾಡಿ ಕಳಿಸಿದೆ. ನಡುವಿನ 3 ಬೈಟ್‌ಗಳಲ್ಲಿ ಏನಿತ್ತು? ಆ ಜಾಗವನ್ನು ನನಗಿಂತ ಮೊದಲು ಬಳಸಿದವರು ಬಿಟ್ಟುಹೋದದ್ದು.

ಆರು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಟೆಸ್ಟಿಂಗ್ ವಿಭಾಗದ ಹುಡುಗಿಯೊಬ್ಬಳು ಒಂದು ದಿನ ಆ 8 ಬೈಟ್‌ಗಳನ್ನು ಇದ್ದ ಹಾಗೇ ಪರದೆಯ ಮೇಲೆ ಅಚ್ಚು ಹಾಕಿ ನೋಡಿದಳು. ‘ಸರ್, ನಡುವೆ ಮೂರು ಬೈಟ್ ಏನೋ ಬರ್ತಿದೆ. ಎಷ್ಟು ಸಲ ಕೇಳಿದ್ರೂ ಅದೇ ಬರುತ್ತೆ. ರೀಬೂಟ್ ಮಾಡಿದ್ರೆ ಮಾತ್ರ ಬದಲಾಗುತ್ತೆ’ ಅಂದಳು. ನಾನು ಕಾಫಿ ಲೋಟ ಹಿಡಿದುಕೊಂಡು ಅವಳ ಹಿಂದೆ ನಿಂತಿದ್ದೆ. ಆ ಕೊನೆಯ ಮಾತು ಕೇಳಿ ಲೋಟ ಕೆಳಗಿಟ್ಟೆ. ಪ್ರತಿ ಬೂಟ್‌ಗೂ ಬದಲಾಗುವ, ಬೂಟ್ ಆದ ಮೇಲೆ ಬದಲಾಗದ ಒಂದು ಸಂಖ್ಯೆ ಕರ್ನಲ್‌ನಲ್ಲಿದೆ. ಅದು ಹೊರಗೆ ಹೋಗಲೇಬಾರದ ಸಂಖ್ಯೆ.

ಅದೇನು ಅಂತ ಹೇಳುತ್ತೇನೆ. ಕರ್ನಲ್‌ನ ಮೇಲೆ ದಾಳಿ ಮಾಡುವವರಿಗೆ ಒಂದು ವಿಷಯ ಬೇಕೇ ಬೇಕು. ಕರ್ನಲ್‌ನ ಯಾವ ಭಾಗ ಮೆಮೊರಿಯ ಯಾವ ವಿಳಾಸದಲ್ಲಿದೆ ಎಂಬುದು. ಹಿಂದೆ ಅದು ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ಇರುತ್ತಿತ್ತು. ಒಂದು ಕಂಪ್ಯೂಟರ್‌ನಲ್ಲಿ ಕಲಿತದ್ದು ಊರಿನ ಎಲ್ಲ ಕಂಪ್ಯೂಟರ್‌ಗೂ ನಡೆಯುತ್ತಿತ್ತು. ಅದನ್ನು ತಪ್ಪಿಸಲು ಕೆಎಎಸ್‌ಎಲ್‌ಆರ್ ಎಂಬ ಉಪಾಯ ತಂದರು. ಪ್ರತಿ ಸಲ ಬೂಟ್ ಆಗುವಾಗ ಕರ್ನಲ್ ತನ್ನ ಮನೆಯನ್ನು ಬೇರೆ ಜಾಗಕ್ಕೆ ಸಾಗಿಸಿಕೊಳ್ಳುತ್ತದೆ. ಲಿನಕ್ಸ್‌ಗೆ ಇದು 2014ರಲ್ಲಿ ಬಂತು. 2017ರ ಲಿನಕ್ಸ್ 4.12ರಿಂದ ತಾನಾಗಿಯೇ ಆನ್ ಇರುತ್ತದೆ. ದಾಳಿ ಮಾಡುವವನು ಊಹಿಸಬೇಕು. ತಪ್ಪಾಗಿ ಊಹಿಸಿದರೆ ಕಂಪ್ಯೂಟರ್ ಕ್ರ್ಯಾಶ್ ಆಗುತ್ತದೆ, ಗುಟ್ಟು ಬಯಲಾಗುತ್ತದೆ.

ಆದರೆ ಮನೆ ಸಾಗುವುದು ಇಡಿಯಾಗಿ. ಒಳಗಿನ ಗೋಡೆ, ಬಾಗಿಲು, ಕಿಟಕಿಗಳ ನಡುವಿನ ಅಂತರ ಹಾಗೇ ಇರುತ್ತದೆ. ಒಂದೇ ಒಂದು ಕಿಟಕಿಯ ವಿಳಾಸ ಸಿಕ್ಕಿದರೆ ಸಾಕು, ಕೂಡಿ ಕಳೆದು ಎಲ್ಲವನ್ನೂ ಲೆಕ್ಕ ಹಾಕಬಹುದು. ನಾವು ದಿನಾ ಬಳಸುವ 64 ಬಿಟ್ ಇಂಟೆಲ್, ಎಎಂಡಿ ಕಂಪ್ಯೂಟರ್‌ಗಳಲ್ಲಿ ಕರ್ನಲ್ ಕೋಡ್‌ನ ವಿಳಾಸ 8 ಬೈಟ್ ಉದ್ದ. ಅದರಲ್ಲಿ ಮೇಲಿನ 4 ಬೈಟ್ ಯಾವಾಗಲೂ ಒಂದೇ. ಜಾಗ ಬದಲಾಯಿಸುವುದು 2 ಎಂಬಿ ಹೆಜ್ಜೆಗಳಲ್ಲಿ, 1 ಜಿಬಿ ಅಗಲದ ಮೈದಾನದಲ್ಲಿ. ಅಂದರೆ ಹೆಚ್ಚೆಂದರೆ 512 ಜಾಗ. ಆ ವ್ಯತ್ಯಾಸವೆಲ್ಲಾ ಕೂತಿರುವುದು ಕೆಳಗಿನ 4 ಬೈಟ್‌ಗಳಲ್ಲಿ. ಅದರಲ್ಲೂ ತೀರಾ ಕೆಳಗಿನ ಬೈಟ್‌ನಲ್ಲಿ ಅದೇನೂ ಇಲ್ಲ. ನನ್ನ ಡ್ರೈವರ್ ಬಳಸಿದ ಜಾಗದಲ್ಲಿ ಮೊದಲು ಇದ್ದದ್ದು ಅಂಥದೊಂದು ವಿಳಾಸವೇ, ತೀರಾ ಕೆಳಗಿನ ಬೈಟ್ ಮೊದಲು ಬರುವಂತೆ. ಡ್ರೈವರ್ ಅದರ ಮೊದಲ ಬೈಟ್ ಮೇಲೆ ‘ಓಡುತ್ತಿದೆ’ ಅಂತ ಬರೆದಿತ್ತು, ಮುಂದಿನ ಮೂರನ್ನು ಹಾಗೇ ಬಿಟ್ಟಿತ್ತು. ನೋಡಿ, ಬೇಕಾದ್ದೆಲ್ಲಾ ಸರಿಯಾಗಿ ಆ ಮೂರರಲ್ಲೇ ಇತ್ತು. ಯಾರೋ ಬೇಕಂತಲೇ ಆರಿಸಿ ಕೊಟ್ಟ ಹಾಗೆ.

ಮೂರು ಬೈಟ್. ನಿಮ್ಮ ಹೆಸರಿನ ಒಂದು ಕನ್ನಡ ಅಕ್ಷರ ಫೈಲ್‌ನಲ್ಲಿ ತೆಗೆದುಕೊಳ್ಳುವಷ್ಟು ಜಾಗ.

ಸರಿಮಾಡಿದ್ದು ಒಂದೇ ಸಾಲಿನಲ್ಲಿ. ಉತ್ತರ ಬರೆಯುವ ಮೊದಲು ಇಡೀ 8 ಬೈಟ್‌ಗೆ ಸೊನ್ನೆ ತುಂಬುವ ಸಾಲು. ಕಾಯಿ ತುಂಬುವ ಮುಂಚೆ ಕ್ರೇಟನ್ನು ಬೋರಲು ಹಾಕಿ ಕೊಡವಿದ ಹಾಗೆ. ಖಾನೆಗಳಿಗೆ ಒಂದೊಂದಾಗಿ ಸೊನ್ನೆ ಹಾಕಿದರೆ ಸಾಲದು, ಹೆಸರಿಲ್ಲದ ಪ್ಯಾಡಿಂಗ್ ಹಾಗೇ ಉಳಿಯುತ್ತದೆ. ಅದು ಗೊತ್ತಿಲ್ಲದೆ ಅರ್ಧಂಬರ್ಧ ಸರಿಮಾಡಿದ ಪ್ಯಾಚ್‌ಗಳನ್ನು ನಾನು ಆಮೇಲೆ ಬಹಳ ನೋಡಿದ್ದೇನೆ.

‘ಓದೋಕೆ ಮಾತ್ರ ಆಗುತ್ತೆ’ ಎಂಬ ಮಾತು ಯಾಕೆ ಅರ್ಧ ಸತ್ಯ ಅಂತ ಈಗ ಗೊತ್ತಾಯಿತಲ್ವಾ? ಇಂದಿನ ದಾಳಿ ಸಾಮಾನ್ಯವಾಗಿ ಎರಡು ಹೆಜ್ಜೆಯದು. ಒಂದು ದೋಷ ದಾರಿ ತೋರಿಸುತ್ತದೆ, ಇನ್ನೊಂದು ಒಳಗೆ ನುಗ್ಗುತ್ತದೆ. ಎರಡೂ ಬೇಕು. ಎರಡನೆಯದಕ್ಕೆ ಕೆಂಪು ಅಕ್ಷರದಲ್ಲಿ ‘ಹೈ’ ಎಂದು ಬರೆಯುತ್ತಾರೆ, ಮೊದಲನೆಯದಕ್ಕೆ ‘ಮೀಡಿಯಂ’. ಜನ ಕೆಂಪು ನೋಡಿ ಓಡುತ್ತಾರೆ, ಮೀಡಿಯಂ ಬಿಟ್ಟುಬಿಡುತ್ತಾರೆ.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ 2020ರ ಅಕ್ಟೋಬರ್‌ನದು. ಗೂಗಲ್‌ನ ಆಂಡಿ ನ್ಯೂಯೆನ್ ಲಿನಕ್ಸ್‌ನ ಬ್ಲೂಟೂತ್ ಕೋಡ್‌ನಲ್ಲಿ ದೋಷಗಳ ಒಂದು ಗುಂಪು ಕಂಡುಹಿಡಿದರು. ಎಲ್ಲಕ್ಕೂ ಸೇರಿಸಿ ‘ಬ್ಲೀಡಿಂಗ್‌ಟೂತ್’ ಎಂದು ಹೆಸರಿಟ್ಟರು. ಅದರಲ್ಲಿ ಒಂದು ‘ಬ್ಯಾಡ್‌ಚಾಯ್ಸ್’, ನೋಂದಣಿ ಸಂಖ್ಯೆ ಸಿವಿಇ-2020-12352. ಬ್ಲೂಟೂತ್‌ನ ಒಂದು ಪ್ರಶ್ನೆಗೆ ಕರ್ನಲ್ ಉತ್ತರ ಕಳಿಸುವಾಗ ಎರಡು ಖಾನೆ ಮಾತ್ರ ತುಂಬಿ, ಉಳಿದ 16 ಬೈಟ್‌ಗಳನ್ನು ತುಂಬದೇ ಕಳಿಸುತ್ತಿತ್ತು. ನನ್ನ ತಪ್ಪಿನ ಅಣ್ಣ ಅಂತಲೇ ಅನ್ನಿ. ಆದರೆ ಇಲ್ಲಿ ಉತ್ತರ ಹೋಗುತ್ತಿದ್ದದ್ದು ಗಾಳಿಯಲ್ಲಿ. ಬ್ಲೂಟೂತ್ ಅಳತೆಯಲ್ಲಿ ನಿಂತವರು ಯಾರು ಬೇಕಾದರೂ ಪಡೆಯಬಹುದಿತ್ತು. ಕಂಪ್ಯೂಟರ್ ಮುಟ್ಟಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ. ಅದರ ಪಕ್ಕದಲ್ಲೇ ‘ಬ್ಯಾಡ್‌ಕರ್ಮ’ ಎಂಬ ಇನ್ನೊಂದು ದೋಷ ಇತ್ತು, ಅದು ಹೈ. ಬ್ಯಾಡ್‌ಚಾಯ್ಸ್‌ಗೆ ಕೊಟ್ಟದ್ದು ಮೀಡಿಯಂ. ಆಂಡಿ ಎರಡನ್ನೂ ಜೋಡಿಸಿ, ಕಂಪ್ಯೂಟರ್ ಮುಂದೆ ಕೂತವರು ಒಂದು ಕ್ಲಿಕ್ ಕೂಡ ಮಾಡದೆ, ಕರ್ನಲ್‌ನ ಒಳಗೆ ತಮ್ಮ ಕೋಡ್ ಓಡಿಸಿ ತೋರಿಸಿದರು. ಮೀಡಿಯಂ ಇಲ್ಲದಿದ್ದರೆ ಆ ಹೈ ಕುರುಡಾಗಿ ತಡಕಾಡಬೇಕಿತ್ತು.

ಅಂಕ ಕೊಡುವವರ ತಪ್ಪು ಅಂತ ನಾನು ಹೇಳುತ್ತಿಲ್ಲ. ಸಿವಿಎಸ್‌ಎಸ್ ಎಂಬ ಲೆಕ್ಕದಲ್ಲಿ ಪ್ರತಿ ದೋಷವನ್ನೂ ಒಂಟಿಯಾಗಿ ತೂಗುತ್ತಾರೆ. ಓದಬಹುದೇ, ಬದಲಾಯಿಸಬಹುದೇ, ಕೆಡಿಸಬಹುದೇ ಅಂತ ಹಾನಿಯ ಬಗ್ಗೆ ಮೂರು ಪ್ರಶ್ನೆ. ಕಂಪ್ಯೂಟರ್‌ನಲ್ಲಿ ಮಾಮೂಲಿ ಖಾತೆ ಇರುವವರು ಕರ್ನಲ್ ಮೆಮೊರಿ ಓದಬಹುದು, ಬೇರೇನೂ ಆಗದು ಅಂದರೆ ಸಾಮಾನ್ಯವಾಗಿ ಬರುವ ಅಂಕ 5.5. ಅದು ಮೀಡಿಯಂ. ಒಂಟಿಯಾಗಿ ನೋಡಿದರೆ ನ್ಯಾಯವೇ. ದಾಳಿ ಮಾಡುವವರು ಒಂಟಿಯಾಗಿ ಬಳಸುವುದಿಲ್ಲ, ತೊಂದರೆ ಇರುವುದು ಅಲ್ಲಿ.

ಈಗ ನಿಮ್ಮ ಆಧಾರ್ ಪ್ರಶ್ನೆಗೆ ಬರುತ್ತೇನೆ. ಪ್ಯಾಡಿಂಗ್‌ನಂಥ ಸಣ್ಣ ಸೋರಿಕೆಗಳಲ್ಲಿ ಜಾಸ್ತಿ ಸಿಗುವುದು ಕರ್ನಲ್‌ನ ವಿಳಾಸಗಳೇ. ಗ್ರಾಹಕರ ಆಧಾರ್ ಪಿಡಿಎಫ್ ಇಡಿಯಾಗಿ ಆ ಮೂರು ಬೈಟ್‌ನಲ್ಲಿ ಹರಿದು ಹೋಗುವುದಿಲ್ಲ. ಆದರೆ ಇದೇ ಜಾತಿಯ ಬೇರೆ ದೋಷಗಳಿವೆ. ಪ್ರೋಗ್ರಾಂ ‘ನನಗೆ ಇಷ್ಟು ಬೈಟ್ ಕೊಡು’ ಅಂದಾಗ ಕರ್ನಲ್ ಅಷ್ಟು ತನ್ನ ಬಳಿ ಇದೆಯೇ ಅಂತ ಪರೀಕ್ಷಿಸದೆ ಪಕ್ಕದ ಜಾಗದ್ದನ್ನೂ ಸೇರಿಸಿ ಕೊಟ್ಟುಬಿಡುವುದು ಒಂದು. ಅದರಲ್ಲಿ ಬೇರೆ ಪ್ರೋಗ್ರಾಂ ಕಳಿಸಿದ ನೆಟ್‌ವರ್ಕ್ ಪ್ಯಾಕೆಟ್‌ನ ಚೂರು, ಓದಿದ ಫೈಲ್‌ನ ಚೂರು ಸಿಗಬಹುದು. ಮತ್ತೆ ಮತ್ತೆ ಕೇಳಿದರೆ ಮತ್ತೆ ಮತ್ತೆ ಬೇರೆ ಚೂರು.

ಹಳೆಯದೊಂದು ಕಥೆ ಇದಕ್ಕೆ ಸರಿಯಾಗಿ ಹೊಂದುತ್ತದೆ. 2003ರ ಜನವರಿಯಲ್ಲಿ ‘ಈಥರ್‌ಲೀಕ್’ ಎಂಬ ದೋಷ ಬೆಳಕಿಗೆ ಬಂತು. ಈಥರ್‌ನೆಟ್ ವೈರ್‌ನಲ್ಲಿ ಹೋಗುವ ಪ್ಯಾಕೆಟ್‌ನ ಹೊಟ್ಟೆಯಲ್ಲಿ ಕನಿಷ್ಠ 46 ಬೈಟ್ ಇರಲೇಬೇಕು. ‘ಈ ವಿಳಾಸದ ಕಂಪ್ಯೂಟರ್ ಯಾವುದು’ ಅಂತ ಕೇಳುವ ಎಆರ್‌ಪಿ ಸಂದೇಶ ಬರೀ 28 ಬೈಟ್. ಉಳಿದ 18ನ್ನು ಸೊನ್ನೆಯಿಂದ ತುಂಬಬೇಕು ಎಂದು ನಿಯಮ. ಹಲವು ನೆಟ್‌ವರ್ಕ್ ಕಾರ್ಡ್‌ಗಳ ಡ್ರೈವರ್‌ಗಳು ಸೊನ್ನೆ ತುಂಬುತ್ತಿರಲಿಲ್ಲ. ಹಿಂದೆ ಅದೇ ಬಫರ್‌ನಲ್ಲಿ (ಪ್ಯಾಕೆಟ್ ಕಳಿಸುವ ಮೊದಲು ಇಡುವ ಮೆಮೊರಿ ಜಾಗ) ಹೋದ ಪ್ಯಾಕೆಟ್‌ನ ಬಾಲವನ್ನೋ, ಕರ್ನಲ್ ಮೆಮೊರಿಯ ಬೇರೆ ತುಂಡನ್ನೋ ಹಾಗೇ ಸೇರಿಸಿ ಕಳಿಸುತ್ತಿದ್ದವು. ಅದೇ ನೆಟ್‌ವರ್ಕ್ ಸ್ವಿಚ್‌ಗೆ ಸೇರಿದ ಇನ್ನೊಂದು ಕಂಪ್ಯೂಟರ್‌ನಲ್ಲಿ ಕೂತವರು ಪಿಂಗ್ ಮಾಡಿ ಮಾಡಿ, ಅಂದರೆ ‘ಇದ್ದೀಯಾ’ ಅಂತ ಕೇಳಿ ಕೇಳಿ, ಬಂದ ಉತ್ತರದ ಬಾಲಗಳನ್ನು ಕೂಡಿಸಿಕೊಳ್ಳಬಹುದಿತ್ತು. ನಿಮ್ಮ ಐದು ಕಂಪ್ಯೂಟರ್‌ಗಳೂ ಒಂದೇ ಸ್ವಿಚ್‌ನಲ್ಲಿ ಇರುತ್ತವಲ್ವಾ? ಆ ದೋಷ ಸರಿಯಾಗಿ ಬಹಳ ವರ್ಷವಾಯಿತು, ಹೆದರಬೇಡಿ. ಆದರೆ ತಪ್ಪಿನ ಬೇರು ನನ್ನ ಮೂರು ಬೈಟ್‌ನ ಬೇರೇ. ಖಾಲಿ ಜಾಗ ಖಾಲಿ ಅಂತ ನಂಬಿದ್ದು.

ಹಾಗಾಗಿ ಉತ್ತರ ಇಷ್ಟು. ನೇರವಾಗಿ ಆಧಾರ್ ಸಂಖ್ಯೆ ಸೋರುವ ಸಾಧ್ಯತೆ ಕಡಿಮೆ, ಸೊನ್ನೆ ಅಲ್ಲ. ದೊಡ್ಡ ಅಪಾಯ ಅಂದರೆ ಈ ಸೋರಿಕೆ ಹಿಡಿದು ಇನ್ನೊಂದು ದೋಷದಿಂದ ಕಂಪ್ಯೂಟರ್ ಪೂರ್ತಿ ಕೈವಶ ಮಾಡಿಕೊಳ್ಳುವುದು. ಹಾಗಾದ ಮೇಲೆ ಆಧಾರ್ ಒಂದೇ ಅಲ್ಲ, ಗ್ರಾಹಕರು ಟೈಪ್ ಮಾಡುವ ಓಟಿಪಿ, ಪಾಸ್‌ವರ್ಡ್ ಎಲ್ಲವೂ ಅವರ ಕಣ್ಣ ಮುಂದೆ.

‘ಲೋಕಲ್’ ಎಂಬ ಪದವನ್ನೂ ನೀವು ಆ ವಿವರದಲ್ಲಿ ನೋಡಿರಬಹುದು. ದಾಳಿ ಮಾಡುವವರು ಕಂಪ್ಯೂಟರ್ ಮುಂದೆಯೇ ಇರಬೇಕು ಅಥವಾ ಅದರಲ್ಲಿ ಒಂದು ಪ್ರೋಗ್ರಾಂ ಓಡಿಸುವ ಅವಕಾಶ ಇರಬೇಕು ಎಂದು ಅರ್ಥ. ಮನೆಯ ಲ್ಯಾಪ್‌ಟಾಪ್‌ಗೆ ಇದು ಸಮಾಧಾನದ ಮಾತು. ನಿಮಗೆ ಅಲ್ಲ. ಪರೀಕ್ಷೆ ಅರ್ಜಿಯ ಕೊನೆ ದಿನ ನಿಮ್ಮ ಸೆಂಟರ್ ಹೇಗಿರುತ್ತದೆ ಯೋಚಿಸಿ. ಪರಿಚಯವೇ ಇಲ್ಲದವರು ಬಂದು ಕೂರುತ್ತಾರೆ, ಫೋಟೋ ಇದೆ ಅಂತ ಪೆನ್‌ಡ್ರೈವ್ ಚುಚ್ಚುತ್ತಾರೆ, ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಸೈಬರ್ ಸೆಂಟರ್‌ನಲ್ಲಿ ಎಲ್ಲರೂ ಲೋಕಲ್ಲೇ. ಬ್ಯಾಂಕಿನವರ ಕಂಪ್ಯೂಟರ್‌ಗಿಂತ ನಿಮ್ಮ ಕಂಪ್ಯೂಟರ್‌ಗೆ ಈ ಮೀಡಿಯಂ ಜಾಸ್ತಿ ಮುಖ್ಯ ಅಂತ ನಾನು ಹೇಳುತ್ತೇನೆ. ಪಹಣಿಗೆ ಬರುವ ಅಜ್ಜಿ ನಿಮ್ಮನ್ನು ನಂಬಿ ಹೆಬ್ಬೆಟ್ಟು ಒತ್ತುತ್ತಾರೆ. ಕರ್ನಲ್ ಅಂದ್ರೆ ಏನು ಅಂತ ಅವರಿಗೆ ಗೊತ್ತಿರಬೇಕಾಗಿಲ್ಲ. ನೀವು ಇಷ್ಟು ಕಾಳಜಿಯಿಂದ ಕೇಳಿದ್ದಕ್ಕೇ ನಾನು ಇಷ್ಟು ಉದ್ದ ಬರೆಯುತ್ತಿದ್ದೇನೆ.

2018ರ ಜನವರಿ 3ರಂದು ಬಯಲಾದ ಮೆಲ್ಟ್‌ಡೌನ್ ಹೆಸರು ಕೇಳಿದ್ದರೆ, ಅದೂ ಕರ್ನಲ್ ಮೆಮೊರಿ ಓದುವ ದೋಷವೇ. ಆದರೆ ಅಲ್ಲಿ ತಪ್ಪಿದ್ದು ಮುಖ್ಯವಾಗಿ ಇಂಟೆಲ್ ಪ್ರೊಸೆಸರ್. ಕಾವಲುಗಾರನೇ ಬಾಗಿಲು ಮುಚ್ಚುವುದು ಒಂದು ಚಣ ತಡ ಮಾಡುತ್ತಿದ್ದ. ಅದರ ಪರಿಹಾರವೂ ಬೇರೆ. ಕರ್ನಲ್‌ನ ಹೆಚ್ಚಿನ ಭಾಗವನ್ನು ಪ್ರೋಗ್ರಾಂಗಳ ನಕ್ಷೆಯಿಂದಲೇ ತೆಗೆದುಹಾಕಿದರು. ಅದರ ವಿವರ ಇನ್ನೊಮ್ಮೆ ಬೇಕಾದರೆ ಹೇಳುತ್ತೇನೆ.

ಇಂಥ ದೋಷಗಳನ್ನು ಹುಡುಕುವುದು ಯಾಕೆ ಕಷ್ಟ ಅಂದರೆ, ಏನೂ ಕೆಡುವುದಿಲ್ಲ. ಕ್ರ್ಯಾಶ್ ಆದರೆ ಹುಡುಕಬಹುದು. ಇಲ್ಲಿ ಉತ್ತರ ಸರಿಯಾಗಿಯೇ ಬರುತ್ತದೆ, ಜೊತೆಗೆ ಒಂಚೂರು ಜಾಸ್ತಿ ಬರುತ್ತದೆ. ಭದ್ರತಾ ದೋಷ ಹುಡುಕುವ ಗೂಗಲ್ ತಂಡ ಪ್ರಾಜೆಕ್ಟ್ ಜೀರೋದ ಮಾಟೆಯುಷ್ ಯುರ್ಚಿಕ್ ಇದಕ್ಕೆ ಬಹಳ ಚೆಂದದ ದಾರಿ ಹುಡುಕಿದರು. ಬಾಕ್ಸ್ (Bochs) ಎಂಬ, ಸಾಫ್ಟ್‌ವೇರ್‌ನಲ್ಲೇ ಮಾಡಿದ ನಕಲಿ ಕಂಪ್ಯೂಟರ್ ಒಳಗೆ ಇಡೀ ವಿಂಡೋಸ್ ಓಡಿಸಿ, ಕರ್ನಲ್ ಹೊಸದಾಗಿ ತೆಗೆದುಕೊಂಡ ಪ್ರತಿ ಬೈಟ್‌ಗೂ ‘ಇನ್ನೂ ತುಂಬಿಲ್ಲ’ ಎಂಬ ಗುರುತು ಹಚ್ಚಿದರು. ಆ ಗುರುತು ಹೊತ್ತ ಬೈಟ್ ಪ್ರೋಗ್ರಾಂ ಕಡೆಗೆ ದಾಟಿದ ಕೂಡಲೇ ಸಿಕ್ಕಿಬೀಳುತ್ತಿತ್ತು. 2018ರ ಹೊತ್ತಿಗೆ ವಿಂಡೋಸ್ ಒಂದರಲ್ಲೇ 70ಕ್ಕೂ ಹೆಚ್ಚು ಸೋರಿಕೆ ಸಿಕ್ಕಿದವು. ಅಷ್ಟು ವರ್ಷ, ಅಷ್ಟು ಜನ ಓದಿದ ಕೋಡ್‌ನಲ್ಲಿ. ಅದೇ ಬಗೆಯ ಪರೀಕ್ಷಾ ಸಾಧನ ಕೆಎಂಸ್ಯಾನ್ ಹೆಸರಿನಲ್ಲಿ 2022ರ ಡಿಸೆಂಬರ್‌ನಲ್ಲಿ ಲಿನಕ್ಸ್ 6.1ರ ಜೊತೆಗೇ ಬಂತು. ನಾನು ಡ್ರೈವರ್ ಬರೆಯುವಾಗ ಅದು ಇದ್ದಿದ್ದರೆ ಆ ಆರು ತಿಂಗಳು ಸೋರುತ್ತಿರಲಿಲ್ಲ.

ಇನ್ನೂ ಒಳ್ಳೆಯ ಬದಲಾವಣೆ ಎಂದರೆ ಹಳೆಯ ಅಭ್ಯಾಸವನ್ನೇ ಬಿಡುತ್ತಿರುವುದು. 2019ರ ಲಿನಕ್ಸ್ 5.3ರಲ್ಲಿ ಒಂದು ಆಯ್ಕೆ ಬಂತು. ಕರ್ನಲ್ ತನ್ನ ಕೆಲಸಕ್ಕೆ ಮೆಮೊರಿ ತೆಗೆದುಕೊಂಡಾಗಲೂ ಮೊದಲು ಸೊನ್ನೆ ತುಂಬುವ ಆಯ್ಕೆ. ಉಬುಂಟು ಕರ್ನಲ್‌ನಲ್ಲಿ ಅದು ಮೊದಲೇ ಆನ್ ಇರುತ್ತದೆ. ಹೆಚ್ಚಿನ ಕೆಲಸಗಳಲ್ಲಿ ಇದರಿಂದ ಕಳೆದುಕೊಳ್ಳುವ ವೇಗ ನೂರಕ್ಕೆ ಒಂದಕ್ಕಿಂತ ಕಡಿಮೆ. ಸ್ಟ್ಯಾಕ್, ಅಂದರೆ ಕೋಡ್ ಓಡುವಾಗ ಬಳಸುವ ತಾತ್ಕಾಲಿಕ ಜಾಗಕ್ಕೂ ಕಂಪೈಲರ್‌ಗಳೇ ಸೊನ್ನೆ ತುಂಬುವ ವ್ಯವಸ್ಥೆ ಆಮೇಲೆ ಬಂತು. ಪ್ರತಿ ಕ್ರೇಟನ್ನೂ ತೊಳೆದೇ ಕೊಡುವ ಮಂಡಿ ಇದ್ದ ಹಾಗೆ. ಇದು ಎಲ್ಲ ಸೋರಿಕೆಯನ್ನೂ ನಿಲ್ಲಿಸುವುದಿಲ್ಲ. ತನ್ನದಲ್ಲದ ಪಕ್ಕದ ಕ್ರೇಟಿಗೆ ಕೈ ಹಾಕುವ ದೋಷ ಇದರಿಂದ ಹೋಗದು. ಆದರೂ ನನ್ನಂಥವರ ಮರೆವನ್ನು ಇದು ಮುಚ್ಚುತ್ತದೆ. ಇದನ್ನು ಹತ್ತು ವರ್ಷ ಮೊದಲೇ ಮಾಡಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಪ್‌ಡೇಟ್ ಪಟ್ಟಿ ಈಚೆಗೆ ಉದ್ದವಾಗಿದೆ ಅನ್ನಿಸಿದ್ದರೆ ಅದಕ್ಕೂ ಕಾರಣ ಇದೆ. 2024ರ ಫೆಬ್ರವರಿಯಿಂದ ಲಿನಕ್ಸ್ ಕರ್ನಲ್ ತಂಡ ತಾನೇ ಸಿವಿಇ ಸಂಖ್ಯೆ ಕೊಡುತ್ತಿದೆ. ಭದ್ರತೆಗೆ ಸಂಬಂಧಿಸಿರಬಹುದಾದ ಸಣ್ಣ ತಿದ್ದುಪಡಿಗೂ ಒಂದು ಸಂಖ್ಯೆ ಬೀಳುತ್ತದೆ. ಪಟ್ಟಿ ಉದ್ದ ಇದೆ ಅಂತ ಗಾಬರಿ ಬೀಳಬೇಡಿ, ಒಂದೊಂದನ್ನೂ ಓದುತ್ತಾ ಕೂರಬೇಡಿ. ಒಟ್ಟಿಗೆ ಹಾಕಿಕೊಳ್ಳಿ.

ಹಾಕಿಕೊಂಡರೆ ಮುಗಿಯಲಿಲ್ಲ. ವಾರಗಟ್ಟಲೆ ರೀಸ್ಟಾರ್ಟ್ ಮಾಡಿಲ್ಲ ಅಂದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ ಸಾಲು ಅದೇ. ಬ್ರೌಸರ್ ಅಪ್‌ಡೇಟ್ ಆದರೆ ಮುಚ್ಚಿ ತೆರೆದರೆ ಸಾಕು. ಕರ್ನಲ್ ಹಾಗಲ್ಲ. ಹೊಸ ಕರ್ನಲ್ ಡಿಸ್ಕ್‌ನಲ್ಲಿ ಕೂತಿರುತ್ತದೆ, ಓಡುತ್ತಿರುವುದು ಹಳೆಯದೇ. ರೀಸ್ಟಾರ್ಟ್ ಆಗುವವರೆಗೆ ಆ ಮೀಡಿಯಂ ದೋಷ ನಿಮ್ಮ ಕಂಪ್ಯೂಟರ್‌ನಲ್ಲಿ ಜೀವಂತ. ವಾರಗಟ್ಟಲೆ ರೀಸ್ಟಾರ್ಟ್ ಮಾಡದಿದ್ದರೆ ವಾರಗಟ್ಟಲೆ ಅಪ್‌ಡೇಟ್ ಮಾಡದಂತೆಯೇ ಲೆಕ್ಕ.

ಉಬುಂಟುವಿನಲ್ಲಿ ಇದನ್ನು ನೀವೇ ನೋಡಬಹುದು. ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆದು ಇಂಗ್ಲಿಷ್‌ನಲ್ಲಿ ‘uname -r’ ಎಂದು, ಅಂದರೆ ಯುನೇಮ್, ಒಂದು ಸ್ಪೇಸ್, ಅಡ್ಡಗೆರೆ, ಸಣ್ಣ ‘ಆರ್’ ಟೈಪ್ ಮಾಡಿ ಎಂಟರ್ ಒತ್ತಿ. ಈಗ ಓಡುತ್ತಿರುವ ಕರ್ನಲ್‌ನ ಸಂಖ್ಯೆ ಬರುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ನೋಡಿ. ಕರ್ನಲ್ ಅಪ್‌ಡೇಟ್ ಬಂದಿದ್ದರೆ ಸಂಖ್ಯೆ ಬದಲಾಗಿರಬೇಕು.

ರೀಸ್ಟಾರ್ಟ್ ಇಲ್ಲದೆಯೂ ಸರಿಮಾಡುವ ಲೈವ್‌ಪ್ಯಾಚ್ ಎಂಬ ಸೌಲಭ್ಯ ಉಬುಂಟುವಿನ ಹೆಚ್ಚುವರಿ ಸೇವೆಯಾದ ಉಬುಂಟು ಪ್ರೋದಲ್ಲಿದೆ. 5 ಯಂತ್ರಗಳವರೆಗೆ ಅದು ಉಚಿತ, ನಿಮ್ಮ ನಾಲ್ಕಕ್ಕೂ ಸಿಗುತ್ತದೆ. ಹಾಕಿಸಿಕೊಳ್ಳಿ. ಆದರೆ ಲೈವ್‌ಪ್ಯಾಚ್ ಸರಿಮಾಡುವುದು ಹೈ ಮತ್ತು ಕ್ರಿಟಿಕಲ್ ದೋಷಗಳನ್ನು. ಮೀಡಿಯಂ ಸೋರಿಕೆಗಳು ರೀಸ್ಟಾರ್ಟ್ ಆಗುವವರೆಗೂ ಕಾಯುತ್ತವೆ. ಹಾಗಾಗಿ ಅದಿದೆ ಅಂತ ನೆಮ್ಮದಿಯಿಂದ ತಿಂಗಳು ಬಿಡಬೇಡಿ. ಉಬುಂಟುವಿನ ಯಾವ ಆವೃತ್ತಿ ಅಂತ ನೀವು ಬರೆದಿಲ್ಲ. 20.04 ಆಗಿದ್ದರೆ ಅದರ ಮಾಮೂಲಿ ಬೆಂಬಲ 2025ರ ಮೇ ತಿಂಗಳಿಗೇ ಮುಗಿದಿದೆ. ಪ್ರೋ ಹಾಕಿಸಿ, ಇಲ್ಲವೇ ಹೊಸ ಆವೃತ್ತಿಗೆ ಹೋಗಿ.

ವಿಂಡೋಸ್ 10 ಕಂಪ್ಯೂಟರ್‌ನಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನರಿಗೆ ಗೊತ್ತಿಲ್ಲ. ರಾತ್ರಿ ಶಟ್‌ಡೌನ್ ಮಾಡಿ ಬೆಳಿಗ್ಗೆ ಆನ್ ಮಾಡುತ್ತೇವಲ್ಲ, ಅದು ಹೊಸದಾಗಿ ಶುರುವಾಯಿತು ಅಂದುಕೊಳ್ಳುತ್ತೇವೆ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಹಾಗಾಗುವುದಿಲ್ಲ. ಕರ್ನಲ್‌ನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಕಟ್ಟಿಟ್ಟು ಬೆಳಿಗ್ಗೆ ಅದನ್ನೇ ಬಿಚ್ಚಿಕೊಳ್ಳುತ್ತದೆ. ನಿಜವಾಗಿ ಹೊಸದಾಗಿ ಶುರುವಾಗಬೇಕಾದರೆ ಮೆನುವಿನಲ್ಲಿ ‘ರೀಸ್ಟಾರ್ಟ್’ ಒತ್ತಬೇಕು. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದು. ವಿಂಡೋಸ್ 10ಗೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ನೀವು ಸೇರಿಲ್ಲದಿದ್ದರೆ ಆ ಯಂತ್ರಕ್ಕೆ ಪ್ಯಾಚ್ ಬರುವುದೇ ಇಲ್ಲ. ವಿಂಡೋಸ್ 11 ನಡೆಯುವ ಯಂತ್ರವಾದರೆ ಬದಲಾಯಿಸಿ. ನಡೆಯದಿದ್ದರೆ ಅದಕ್ಕೂ ಉಬುಂಟು ಹಾಕಿ. ಯಾವುದೂ ಆಗದಿದ್ದರೆ ಆ ಒಂದರಲ್ಲಿ ಗ್ರಾಹಕರನ್ನು ಕೂರಿಸಬೇಡಿ, ಆಧಾರ್ ಕೆಲಸ ಮಾಡಬೇಡಿ.

ಕ್ಯೂನವರ ಬೈಗುಳಕ್ಕೂ ದಾರಿ ಇದೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚುವ ಮೊದಲು ಐದೂ ಕಂಪ್ಯೂಟರ್‌ಗೆ ರೀಸ್ಟಾರ್ಟ್ ಒತ್ತಿಬಿಡಿ. ಕಸ ಗುಡಿಸಿ, ನೀರು ಚಿಮುಕಿಸಿ ಬರುವಷ್ಟರಲ್ಲಿ ಎದ್ದಿರುತ್ತವೆ. ರಾತ್ರಿ ಮುಚ್ಚುವಾಗ ಅಪ್‌ಡೇಟ್ ಡೌನ್‌ಲೋಡ್ ಆಗಿರಲಿ, ಬೆಳಿಗ್ಗೆ ರೀಸ್ಟಾರ್ಟ್ ಒಂದೇ ಉಳಿಯುತ್ತದೆ. ಗ್ರಾಹಕರ ಮೂರು ಯಂತ್ರಗಳಲ್ಲಿ ಅವರಿಗೆ ಬೇರೆ ಖಾತೆ ಮಾಡಿ, ಅಡ್ಮಿನ್ ಅಧಿಕಾರ ಕೊಡಬೇಡಿ. ಪೆನ್‌ಡ್ರೈವ್ ನಿಮ್ಮ ಕೈಗೆ ಕೊಡಲಿ, ನೀವೇ ಫೈಲ್ ನಕಲು ಮಾಡಿ. ಬಳಸದ ಬ್ಲೂಟೂತ್ ಆಫ್ ಮಾಡಿ.

ನಿಮ್ಮ ಅಣ್ಣನ ಮಗನಿಗೆ ನನ್ನ ಕಡೆಯಿಂದ ಒಂದು ಕೆಲಸ ಕೊಡಿ. 1 ಬೈಟ್‌ನದೊಂದು, 4 ಬೈಟ್‌ನದೊಂದು ಖಾನೆ ಇರುವ ಸ್ಟ್ರಕ್ಟ್ ಒಂದನ್ನು ಸಿ ಭಾಷೆಯಲ್ಲಿ ಬರೆದು, ಅದರ ಅಳತೆ ಎಷ್ಟು ಅಂತ ಅಚ್ಚು ಹಾಕಿಸಿ ನೋಡಲಿ. ಆಮೇಲೆ ಖಾನೆ ಮಾತ್ರ ತುಂಬಿ, 8 ಬೈಟ್‌ಗಳನ್ನೂ ಒಂದೊಂದಾಗಿ ಅಚ್ಚು ಹಾಕಿಸಲಿ. ನಡುವಿನ ಮೂರರಲ್ಲಿ ಏನು ಬಂತು ಅಂತ ನನಗೆ ಬರೆಯಲಿ.